ಐಸುಗಡ್ಡೆಯ ಕಂಬಳಿ

ಐಸು ಕಾರ್ಖಾನೆಯ ಗೇಟಿನಲ್ಲಿ ಗುಮಾಸ್ತನಾಗಿ ಕೂತ ಮೊದಲ ವಾರವೇ, ನನ್ನ ವಿದ್ಯೆಯ ಬಲದಿಂದ, ಒಂದು ಇಡೀ ಐಸುಗಡ್ಡೆಯನ್ನು ನೀರು ಮಾಡಿಬಿಟ್ಟೆ.

ಆಂಧ್ರ ಪ್ರದೇಶವಾದ ವರ್ಷದ ಮೇ ತಿಂಗಳು ಅದು. ಆದೋನಿಯಲ್ಲಿ ಹತ್ತಿಯ ಕೆಲಸ ಮುಗಿದು ಬೀಜ ಬಿಡಿಸುವ ಜಿನ್ನುಗಳೆಲ್ಲ ಬಾಗಿಲು ಹಾಕಿದ್ದವು. ಸಾವುಕಾರ ಮರಿಬಸಪ್ಪನವರ ಐಸು ಕಾರ್ಖಾನೆ ಮಾತ್ರ ಹಗಲೂ ರಾತ್ರಿ ಗುಡುಗುಡು ಅನ್ನುತ್ತಿತ್ತು. ಗಡ್ಡೆಗಳು ಗೇಟಿನಿಂದ ಹೊರಗೆ ಹೋಗುವಾಗ ನೋಡುತ್ತ ಕೂರುವುದು ನನ್ನ ಕೆಲಸ. ಎಸ್ಸೆಸ್ಸೆಲ್ಸಿಯಲ್ಲಿ ಎರಡನೆಯ ಸಲಕ್ಕೆ ಪಾಸಾದವನು ನಾನು. ಮೊದಲ ಸಲ ಕೈಕೊಟ್ಟದ್ದು ವಿಜ್ಞಾನ. ಎರಡನೆಯ ಸಲ ಅದನ್ನೇ ಬಾಯಿಪಾಠ ಮಾಡಿದ್ದರಿಂದ, ಆದೋನಿಯಲ್ಲಿ ವಿಜ್ಞಾನ ನನ್ನಷ್ಟು ತಿಳಿದವರು ಯಾರೂ ಇಲ್ಲವೆಂಬ ಭಾವನೆ ನನಗಿತ್ತು.

ಗಡ್ಡೆಗಳನ್ನು ಅಂಗಡಿಗಳಿಗೆ ಒಯ್ಯುತ್ತಿದ್ದವನು ಮಾರೆಣ್ಣ. ಎತ್ತರದ, ಒಣಗಿದ ಆಳು, ಮಾತು ಕಡಿಮೆ. ಅವನು ತಳ್ಳುಬಂಡಿಯ ಮೇಲೆ ಗಡ್ಡೆಯಿಟ್ಟು, ಸುತ್ತ ಶೇಂಗಾ ಹೊಟ್ಟು ಸುರಿದು, ಮೇಲೊಂದು ಕರಿ ಕಂಬಳಿ ಹೊದಿಸಿ, ಅಂಚುಗಳನ್ನು ಒಳಕ್ಕೆ ಸಿಕ್ಕಿಸುತ್ತಿದ್ದ. ಜ್ವರ ಬಂದವರಿಗೆ ಹೊದಿಸಿದ ಹಾಗೆ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಏನ್ ಮಾಡಾಕತ್ತಿ ಮಾರೆಣ್ಣ? ಕಂಬ್ಳಿ ಹೊದ್ರ ನಿನಗ ಬಿಸಿ ಆಗತೈತೋ ಇಲ್ಲೋ?"

"ಆಗತೈತ್ರಿ ಸಾರು."

"ಮತ್ತ ಐಸಿಗೆ ಆಗಲ್ಲೇನು? ಈ ಬಿಸಿಲೇ ಸಾಲದಂತ ಕಂಬ್ಳಿನೂ ಹೊದಸ್ತಿ? ತೆಗಿ ಅದನ್ನ."

ಅವನು ನನ್ನ ಮುಖ ನೋಡಿದ. ಗೇಟಿನ ಗುಮಾಸ್ತ ಹೇಳಿದ ಮೇಲೆ ಮುಗಿಯಿತು. ಕಂಬಳಿ ತೆಗೆದ, ಮಡಿಸಿ ಹೆಗಲಿಗೆ ಹಾಕಿಕೊಂಡ. "ಹೊಟ್ಟೂ ತೆಗೀಲೇನ್ರಿ?" ಎಂದು ಕೇಳಿದ. ಗಾಳಿಯಾಡಲಿ ಎಂದು ಅದನ್ನೂ ತೆಗೆಸಿದೆ.

ಮಧ್ಯಾಹ್ನ ಉಚ್ಚೀರಪ್ಪ ಬಂದ. ಬಸ್ ಸ್ಟ್ಯಾಂಡಿನ ಬಳಿ ಸೋಡಾ ಅಂಗಡಿ ಇಟ್ಟವನು, ದೊಡ್ಡ ಹೊಟ್ಟೆಯವನು. ಕೈಯಲ್ಲೊಂದು ತಂಬಿಗೆ ಹಿಡಿದಿದ್ದ. ಅದನ್ನು ನನ್ನ ಮೇಜಿನ ಮೇಲಿಟ್ಟ.

"ಏನ್ರಿ ಗುಮಾಸ್ತರ, ನಿಮ್ಮ ಗಡ್ಡಿ ತಂದೀನಿ, ವಾಪಸ್ ಇಟ್ಕೋರಿ. ನಾಳಿಂದ ಒಂದು ಕೊಡದಾಗ ಹಾಕಿ ಕಳಸ್ರಿ. ಪಾಪ, ಮಾರೆಣ್ಣಗ ಬಂಡಿ ತಳ್ಳೋದಾದ್ರೂ ತಪ್ಪತೈತಿ."

ಅಂದಿನಿಂದ ಅವನು ನನ್ನನ್ನು ಕಂಡಲ್ಲೆಲ್ಲ, "ಕಂಬ್ಳಿ ಗುಮಾಸ್ತರು ಬಂದ್ರು, ಹೊದಿಕಿ ತೆಗೀರಿ," ಎನ್ನುವುದನ್ನು ರೂಢಿ ಮಾಡಿಕೊಂಡ.

ಮನೆಗೆ ಹೋಗಿ ಹಳೆಯ ಪುಸ್ತಕ ತೆಗೆದೆ. ಬಾಯಿಪಾಠ ಮಾಡಿದ್ದ ಪಾಠವೇ ಅದು. ಬಿಸಿಗೆ ಒಂದೇ ಚಾಳಿ: ಹೆಚ್ಚಿದ್ದ ಕಡೆಯಿಂದ ಕಡಿಮೆ ಇದ್ದ ಕಡೆಗೆ ಹರಿಯುತ್ತದೆ. ಕಂಬಳಿಗೆ ಸ್ವಂತದ್ದೆಂಬ ಬಿಸಿಯಿಲ್ಲ. ಉಣ್ಣೆಯ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಅದು ಬಿಸಿಯನ್ನು ಬೇಗ ದಾಟಗೊಡುವುದಿಲ್ಲ. ಒಳಗೆ ಮನುಷ್ಯನಿದ್ದರೆ ಅವನ ಬಿಸಿ ಹೊರಗೆ ಹೋಗುವುದು ತಡವಾಗುತ್ತದೆ, ಐಸು ಇದ್ದರೆ ಹೊರಗಿನ ಬಿಸಿ ಒಳಗೆ ಬರುವುದು ತಡವಾಗುತ್ತದೆ. ಕಂಬಳಿ ಯಾರಿಗೂ ಏನೂ ಕೊಡುವುದಿಲ್ಲ, ಇದ್ದದ್ದನ್ನು ಕಾಯುತ್ತದೆ, ಅಷ್ಟೇ. ಇದಕ್ಕೆ ಪರೀಕ್ಷೆಯಲ್ಲಿ ನನಗೆ ಅಂಕವೂ ಬಂದಿತ್ತು. ಅಂಕ ಬಂದ ಮೇಲೆ ಅದು ನೆನಪಿರಬೇಕೆಂದು ಯಾರೂ ಹೇಳಿರಲಿಲ್ಲ.

ಮರುದಿನ ಮಾರೆಣ್ಣನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವನು ಹೊಟ್ಟು ಸುರಿಯುತ್ತಲೇ ಕೇಳಿಸಿಕೊಂಡ. ಕೊನೆಗೆ ಅಂದ:

"ಅದೆಲ್ಲ ಅಲ್ರಿ ಸಾರು. ಐಸಿಗೆ ಕಣ್ಣು ತಾಗತೈತಿ."

"ಕಣ್ಣು?"

"ಹೂನ್ರಿ. ಬಿಸಿಲಾಗ ನೀರಡಸಿದ ಮಂದಿ, ದಾರಿ ತುಂಬ. ಎಲ್ಲರ ಕಣ್ಣೂ ಅದರ ಮ್ಯಾಲೇ. ಕರಗದೇ ಇನ್ನೇನ್ ಮಾಡತೈತಿ? ಅದಕ್ಕ ಮುಚ್ಚೋದು."

ಅವನ ಬಂಡಿಯ ಮೂತಿಗೆ ನಿಂಬೆಹಣ್ಣು ಮೆಣಸಿನಕಾಯಿ ಯಾಕೆ ತೂಗಾಡುತ್ತಿತ್ತೆಂದು ಆಗ ತಿಳಿಯಿತು.

"ಹಂಗಂದ್ರ ಕಾರ್ಖಾನಿ ಒಳಗ ಬಾಗಲಾ ಹಾಕಿ ಇಟ್ಟದ್ದು ಯಾಕ ಕರಗತೈತಿ?"

ಅವನು ಸ್ವಲ್ಪ ಯೋಚಿಸಿದ. "ಕರಗೈತೇನೋ ಅಂತ ನೀವು ಗಳಿಗೆಗೊಮ್ಮೆ ನೋಡಾಕ ಹೋಗ್ತೀರಲ್ಲ," ಎಂದ.

ಹೀಗೆ ಅವನು ತಪ್ಪು ಕಾರಣಕ್ಕೆ ಸರಿಯಾದ ಕೆಲಸ ಮಾಡುತ್ತಿದ್ದ, ನಾನು ಸರಿಯಾದ ಪುಸ್ತಕ ಓದಿ ತಪ್ಪು ಕೆಲಸ ಮಾಡಿದ್ದೆ. ಆಮೇಲೆ ನಾವು ಸಿಟ್ಟಿಲ್ಲದೆ ಕೂಡಿ ಕೆಲಸ ಮಾಡಿದೆವು.

ಮಾರೆಣ್ಣ ಐಸಿನ ಕೆಲಸಕ್ಕೆ ಬಂದದ್ದು ನಾನಿನ್ನೂ ಶಾಲೆಗೆ ಹೋಗುವ ಕಾಲದಲ್ಲಿ. ಅದಕ್ಕೆ ಮುಂಚೆ ಜಿನ್ನಿನಲ್ಲಿ ಹತ್ತಿ ಹೊತ್ತವನು. ವರ್ಷಗಟ್ಟಲೆ ಬರಿಗೈಯಲ್ಲಿ ಗಡ್ಡೆ ಹಿಡಿದು ಅವನ ಬೆರಳ ತುದಿಗಳು ಸತ್ತು ಹೋಗಿದ್ದವು. ಚರ್ಮ ಬಿಳಿಚಿಕೊಂಡು, ನೀರಲ್ಲಿ ನೆನೆದ ಚರ್ಮದ ಚಪ್ಪಲಿಯ ಹಾಗಿತ್ತು. ಉಚ್ಚೀರಪ್ಪನ ಅಂಗಡಿಯಲ್ಲಿ ಕುದಿಯುವ ಚಹದ ಗ್ಲಾಸನ್ನು ಅವನು ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತಿದ್ದ. ನಾನು ಅದೇ ಚಹವನ್ನು ಪಂಚೆಯ ಅಂಚಿನಿಂದ ಹಿಡಿದು ಊದುತ್ತಿದ್ದೆ. ಬಿಸಿ ಗೊತ್ತಾಗುವುದಿಲ್ಲವೇ ಎಂದರೆ, "ಗುಟುಕರಿಸಿದಾಗ ನಾಲಿಗೀಗೆ ಗೊತ್ತಾಗತೈತಿ, ಅಷ್ಟ ಸಾಕು," ಎನ್ನುತ್ತಿದ್ದ.

ಅವನ ಮನೆ ಗುಡ್ಡದ ಬುಡದ ಓಣಿಯಲ್ಲಿತ್ತು. ಹೆಂಡತಿ ಗಾದಿಲಿಂಗಮ್ಮ. ಒಬ್ಬಳೇ ಮಗಳು ದಸ್ತಗಿರಮ್ಮ; ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದವಳಾದ್ದರಿಂದ ಆ ಹೆಸರು. ಅವಳನ್ನು ತುಂಗಭದ್ರೆಯ ದಂಡೆಯ ಮಾಧವರಕ್ಕೆ ಕೊಟ್ಟಿದ್ದರು. ಗಾದಿಲಿಂಗಮ್ಮನಿಗೆ ಹಳೆಯ ಚಳಿಜ್ವರ. ಬಿಡುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಊರೆಲ್ಲ ಬೀಸಣಿಗೆ ಹಿಡಿದು ಕೂತ ಹೊತ್ತಿನಲ್ಲಿ ಆಕೆ ಮನೆಯ ಹಿಂದಿನ ಹಾಸುಬಂಡೆಗೆ ಬೆನ್ನು ಕೊಟ್ಟು, ಮೊಣಕಾಲು ಎದೆಗವಚಿಕೊಂಡು ನಡುಗುತ್ತಿದ್ದಳು. ಹಗಲೆಲ್ಲ ಬಿಸಿಲು ಕುಡಿದ ಬಂಡೆ ಹೊತ್ತು ಮುಳುಗಿದ ಮೇಲೂ ಬಹಳ ಹೊತ್ತು ಬಿಸಿಯನ್ನು ಬಿಡುತ್ತಿರುತ್ತದೆ. ಆಕೆಗೆ ಅದೇ ಒಲೆ.

ಮನೆಯಲ್ಲಿ ಇದ್ದದ್ದು ಒಂದೇ ಕಂಬಳಿ. ಹಗಲು ಐಸಿಗೆ, ಇರುಳು ಆಕೆಗೆ. ಸಂಜೆ ಮಾರೆಣ್ಣ ಒದ್ದೆ ಕಂಬಳಿ ತಂದರೆ ಆಕೆ ಅದನ್ನು ಬಂಡೆಯ ಮೇಲೆ ಹರವಿ, ಒಣಗಿದ ಮೇಲೆ ಒಳಗೊಯ್ಯುತ್ತಿದ್ದಳು. ಒಮ್ಮೆ ನಾನು ಸಾವುಕಾರರ ಮಾತೊಂದನ್ನು ತಿಳಿಸಲು ಹೋದಾಗ ಗಂಡ ಹೆಂಡತಿ ಇದರ ಮೇಲೇ ಮಾತಾಡುತ್ತಿದ್ದರು.

"ನಿನ್ನ ಗಡ್ಡಿಗೆ ಒಂದು ಬ್ಯಾರೆ ಕಂಬ್ಳಿ ಕೊಡಸಾಕ ಆಗಲ್ಲೇನು?" ಆಕೆ ಅನ್ನುತ್ತಿದ್ದಳು. "ಎಷ್ಟು ಒಣಗಿಸಿದ್ರೂ ಒಳಗ ಥಂಡಿ ಇರತೈತಿ. ನನ್ನ ಎಲುಬಿಗೆ ಹೊಕ್ಕು ಕುಂತೈತಿ."

"ಒಣಗಿದ್ ಮ್ಯಾಲೆ ಎಲ್ಲಿ ಥಂಡಿ?"

"ನಿನಗೇನ್ ಗೊತ್ತಾಗತೈತಿ? ನಿನ್ನ ಕೈ ಮುಟ್ಟಿದ್ರೇನ್, ಗಡ್ಡಿ ಮುಟ್ಟಿದ್ರೇನ್. ಆ ಕಲ್ಲಿಗೆ ಹಿಡಿ ಕೈನ, ಆಮ್ಯಾಲೆ ಒಳಗ ಬಾ."

ಮಾರೆಣ್ಣ ಎರಡೂ ಅಂಗೈಗಳನ್ನು ಬಂಡೆಯ ಮೇಲೆ ಊರಿ ನಿಂತ. ಇದು ದಿನಾ ನಡೆಯುವ ಸಂಗತಿಯೆಂದು ನಿಂತ ರೀತಿಯಲ್ಲೇ ತಿಳಿಯುತ್ತಿತ್ತು. ಅಂಗೈ ಬಿಸಿಯಾಯಿತೋ ಇಲ್ಲವೋ ಅವನಿಗೆ ತಿಳಿಯದು. ಆಕೆ ಮುಟ್ಟಿ ನೋಡಿ, "ಹೂಂ, ಬಾ," ಎಂದ ಮೇಲೆಯೇ ಒಳಗೆ ಹೋದ.

ಊರಿನಲ್ಲಿ ಐಸಿಗೆ ಸೋಡಾ ಅಂಗಡಿ, ಮದುವೆಮನೆ ಬಿಟ್ಟರೆ ಇನ್ನೊಂದು ಗಿರಾಕಿ ಇತ್ತು. ಹತ್ತಿ ವ್ಯಾಪಾರಿಗಳ ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಬೊಂಬಾಯಿಯಿಂದಲೋ ಮದ್ರಾಸಿನಿಂದಲೋ ಮಕ್ಕಳು ಬರುವತನಕ ಹೆಣವನ್ನು ಐಸಿನ ಮೇಲೆ ಇಡುತ್ತಿದ್ದರು. ಆ ಗಡ್ಡೆ ಒಯ್ಯುವುದೂ, ಒಡೆದು ಮೈಯ ಕೆಳಗೆ ಪಕ್ಕಕ್ಕೆ ಜೋಡಿಸುವುದೂ ಮಾರೆಣ್ಣನ ಕೆಲಸವೇ. ಮನೆಯವರಿಗೆ ಮುಟ್ಟಲು ಕೈ ಬರುತ್ತಿರಲಿಲ್ಲ. ಅಂಥ ದಿನ ಮಾತ್ರ ಅವನು ಕಂಬಳಿ ಒಯ್ಯುತ್ತಿರಲಿಲ್ಲ. ಗೋಣಿಚೀಲ ಮುಚ್ಚಿಕೊಂಡು ಹೋಗುತ್ತಿದ್ದ. ಹೆಣದ ಮನೆಗೆ ಹೋದ ಕಂಬಳಿಯನ್ನು ಗಾದಿಲಿಂಗಮ್ಮ ಹೊದೆಯುವುದು ಹೇಗೆ?

ಇಂಥ ಒಂದು ಮನೆಗೆ ನಾನೂ ಹೋಗಿದ್ದೆ. ಐಸು ಹೆಣಕ್ಕೆ ತಂಪು ಕೊಡುತ್ತದೆ ಎಂದು ಅಲ್ಲಿ ಯಾರೋ ಅಂದರು. ಹೊಸದಾಗಿ ಓದಿಕೊಂಡಿದ್ದ ನಾನು ಬಾಯಿ ಹಾಕಿದೆ: ತಂಪು ಎಂಬ ವಸ್ತುವೇ ಇಲ್ಲ, ಅದು ಮೈಯ ಬಿಸಿಯನ್ನು ಎಳೆದುಕೊಂಡು ತಾನು ಕರಗುತ್ತದೆ, ಪೂರ್ತಿ ಕರಗುವತನಕ ತಾನು ಬಿಸಿಯಾಗುವುದಿಲ್ಲ ಎಂದೆ. ಸತ್ತವರ ತಮ್ಮ ನನ್ನನ್ನು ಹೊರಗೆ ಕೂರಲು ಹೇಳಿದರು.

ಮರುವರ್ಷದ ಬೇಸಿಗೆಯಲ್ಲಿ, ಮದುವೆಗಳ ಭರಾಟೆಯ ಒಂದು ದಿನ, ಮಾರೆಣ್ಣ ಗೇಟಿಗೆ ಬರಲಿಲ್ಲ. ಅವನು ಬರದ ದಿನವೇ ಇರಲಿಲ್ಲ. ಬಂಡಿ ಗೋಡೆಗೆ ಒರಗಿ ನಿಂತಿತ್ತು. ಗಡ್ಡೆಗೆ ಕಾದು ಸಾಕಾಗಿ ಉಚ್ಚೀರಪ್ಪನೇ ಬಂದ. ಈ ಸಲ ಕಂಬಳಿಯ ಮಾತೆತ್ತಲಿಲ್ಲ.

"ಮಾರೆಣ್ಣನ ಹೇಣ್ತಿ ಹೋಗಿಬಿಟ್ಟಾಳಂತ್ರಿ, ನಸುಕಿನಾಗ," ಎಂದ.

ನಾನು ಹೋದಾಗ ಓಣಿಯ ಮಂದಿ ಬೇವಿನ ಗಿಡದ ಕೆಳಗೆ ಕೂತಿದ್ದರು. ಒಳಗೆ ಗಾದಿಲಿಂಗಮ್ಮನನ್ನು ಮಲಗಿಸಿದ್ದರು. ಗದ್ದದತನಕ ಕರಿ ಕಂಬಳಿ ಹೊದಿಸಿ, ಅಂಚುಗಳನ್ನು ಒಳಕ್ಕೆ ಸಿಕ್ಕಿಸಲಾಗಿತ್ತು. ಮಾರೆಣ್ಣ ಹೊಸ್ತಿಲಲ್ಲಿ ಕೂತು ಕೈ ನೋಡಿಕೊಳ್ಳುತ್ತಿದ್ದ. ಅವನು ಅತ್ತಿರಲಿಲ್ಲ.

ಪಕ್ಕದ ಮನೆಯ ಲಿಂಗಕ್ಕ ನನಗೆ ನಡೆದದ್ದನ್ನು ಹೇಳಿದಳು. "ಇನ್ನೂ ಕತ್ತಲಿತ್ತು. ಬಂದು ಬಾಗಲಾ ಬಡದ. ಲಿಂಗಕ್ಕ, ಸ್ವಲ್ಪ ಬಂದು ಮುಟ್ಟಿ ನೋಡು, ಆಕಿ ಮೈ ಬೆಚ್ಚಗೈತೇನು, ನನಗ ಗೊತ್ತಾಗವಲ್ದು ಅಂದ. ಹೋಗಿ ಮುಟ್ಟಿದೆ. ಇಲ್ಲಪ್ಪಾ, ತಣ್ಣಗಾಗ್ಯಾಳ ಅಂದೆ. ಆತು ಅಂದ. ಕಂಬ್ಳಿ ಹೊದಿಸಿ ಕುಂತ. ಅಲ್ಲಿಗೆ ಮಾತ ಮುಗದಂಗ ಕುಂತಾನ."

ಗಾದಿಲಿಂಗಮ್ಮನ ಅಣ್ಣ ಯರ್ರೆಪ್ಪ ಎಲ್ಲ ಏರ್ಪಾಟು ನೋಡುತ್ತಿದ್ದ. ಎಮ್ಮಿಗನೂರಿಗೆ ಹೋಗುವ ಮೊದಲ ಬಸ್ಸಿನ ಕಂಡಕ್ಟರನ ಕೈಯಲ್ಲಿ ಮಾಧವರಕ್ಕೆ ಸುದ್ದಿ ಕಳಿಸಿದ್ದ. ಅಲ್ಲಿಂದ ಇನ್ನೊಂದು ಬಸ್ಸಿಗೆ ಮಾತು ದಾಟಬೇಕು. ದಸ್ತಗಿರಮ್ಮ ಹೊರಟರೂ ಸಂಜೆಯ ಬಸ್ಸು ಸಿಕ್ಕರೆ ಇವತ್ತು, ತಪ್ಪಿದರೆ ನಾಳೆ. ಆ ಬಿಸಿಲಲ್ಲಿ ಹೆಣ ಮಧ್ಯಾಹ್ನ ದಾಟುವುದು ಕಷ್ಟವೆಂದು ಹಿರಿಯರು ಅನ್ನುತ್ತಿದ್ದರು.

"ಹುಡುಗಿ ತಾಯಿ ಮುಖ ನೋಡಬೇಕಪ್ಪಾ," ಯರ್ರೆಪ್ಪ ಅಂದ. "ಒಬ್ಬಾಕಿ ಮಗಳು. ನೋಡದಿದ್ರ ಜನ್ಮಪೂರ್ತಿ ಅಂತಾಳ. ಐಸ್ ಇದ್ರ ನಾಳಿತನಕ ಭಯ ಇಲ್ಲ. ಗುಮಾಸ್ತರ, ನಿಮ್ಮದೇ ಕಾರ್ಖಾನಿ. ಏನಾದ್ರೂ ಮಾಡ್ರಿ."

ನನ್ನ ಕಾರ್ಖಾನೆ ಎಂದು ಮೊದಲ ಸಲ ಒಬ್ಬರು ಅಂದರು. ಅದರ ಹುರುಪಿನಲ್ಲಿ ಸಾವುಕಾರರ ಬಳಿಗೆ ಓಡಿದೆ. ಅಂದಿನ ಗಡ್ಡೆಗಳೆಲ್ಲ ಒಂದು ಮದುವೆಮನೆಗೆ ಮೀಸಲಾಗಿದ್ದವು. ಮರಿಬಸಪ್ಪನವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವರು, "ಮಾರೆಣ್ಣಗ ಇಲ್ಲ ಅಂದ್ರ ಇನ್ಯಾರಿಗೆ ಕೊಡಾಣ? ದೊಡ್ಡದೇ ನೋಡಿ ಒಯ್ಯಿರಿ. ಮದುವಿ ಮಂದಿ ಒಂದಿನ ಬಿಸಿ ಶರಬತ್ತು ಕುಡೀಲಿ," ಎಂದರು.

ತಳ್ಳುವವರು ಯಾರೂ ಸಿಗಲಿಲ್ಲ. ನಾನೇ ತಳ್ಳಿದೆ. ಕಂಬಳಿ ಆಕೆಯ ಮೇಲಿತ್ತು. ಹೊಟ್ಟಿನ ಚೀಲ ಮಾರೆಣ್ಣ ಎಲ್ಲಿಡುತ್ತಿದ್ದನೋ ಹುಡುಕಿದರೂ ಸಿಗಲಿಲ್ಲ. ಒಂದು ಗೋಣಿಚೀಲ ಮುಚ್ಚಿದೆ; ಅದು ಪೇಟೆಯ ಗುಂಡಿಗಳಲ್ಲಿ ಜಾರಿ ಬೀಳುತ್ತ ಬಂತು. ಬಂಡಿಯನ್ನು ನೇರ ತಳ್ಳುವುದಕ್ಕೂ ಒಂದು ಕೈಚಳಕ ಬೇಕು. ನನ್ನ ಬಂಡಿ ಎಡಕ್ಕೆ ಎಳೆದು ಎಳೆದು ಬೀದಿಯ ಅರ್ಧ ಅಂಗಡಿಗಳಿಗೆ ಮುಟ್ಟಿಕೊಂಡು ಹೋಯಿತು. ಹಿಂದೆ ನೀರಿನ ಗೆರೆ. ಹೊರಟಾಗ ಗೋರಿಕಲ್ಲಿನ ಹಾಗಿದ್ದ ಗಡ್ಡೆ ಓಣಿ ಸೇರುವಾಗ ಮೂಲೆ ಸವೆದು ಮಗುವಿನ ತೊಟ್ಟಿಲಷ್ಟಾಗಿತ್ತು. ಆದರೂ ಕೆಲಸಕ್ಕೆ ಸಾಕಿತ್ತು.

ಮಾರೆಣ್ಣ ಎದ್ದು ಬಂದ. ಗೋಣಿ ಎತ್ತಿ ನೋಡಿದ.

"ಹೊಟ್ಟು ಹಾಕಿಲ್ಲ," ಎಂದ.

"ಸಿಗಲಿಲ್ಲ ಮಾರೆಣ್ಣ."

"ಕಾರ್ಖಾನಿ ಬಾಗಲದ ಹಿಂದಿತ್ತು." ಗೋಣಿ ಮುಚ್ಚಿದ. "ಗಿಡದ ಬುಡಕ ನಿಂದರಸ್ರಿ."

ನೆರಳಿಗೆ ತಳ್ಳಿದೆ. ಅವನು ಹೋಗಿ ಮತ್ತೆ ಹೊಸ್ತಿಲಲ್ಲಿ ಕೂತ. ಗಡ್ಡೆ ಒಡೆಯಲು ಏಳುತ್ತಾನೆಂದು ಎಲ್ಲರೂ ನೋಡುತ್ತ ಇದ್ದೆವು. ಏಳಲಿಲ್ಲ. ಬಂಡಿಯಿಂದ ತೊಟ್ಟಿಕ್ಕುವ ನೀರಿಗೆ ಕೋಳಿಗಳು ಬಂದವು.

ನಾನು ಅವನ ಪಕ್ಕ ಕೂತೆ. ತಾಳ್ಮೆಯಿಂದ ಹೇಳಬೇಕೆಂದುಕೊಂಡಿದ್ದೆ. "ಮಾರೆಣ್ಣ, ಕಂಬ್ಳಿ ತೆಗಿ. ಐಸು ಇಡಾಣ. ಹೊತ್ತು ಏರಾಕತ್ತೈತಿ."

ಅವನಿಗೆ ಕಂಬಳಿ ತೆಗೆ ಎಂದು ನಾನು ಹೇಳಿದ್ದು ಅದು ಎರಡನೆಯ ಸಲ. ಈ ಸಲ ಹೇಳಿದ್ದು ಸರಿಯಾಗಿತ್ತು. ಒಳಗೆ ಬಿಸಿ ಹುಟ್ಟದಿದ್ದರೆ ಕಂಬಳಿ ಕಾಯುವುದಕ್ಕೆ ಏನೂ ಉಳಿದಿರುವುದಿಲ್ಲ. ಅದು ಪುಸ್ತಕದಲ್ಲಿತ್ತು, ಈಗ ನನಗೆ ಅರ್ಥವೂ ಆಗಿತ್ತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡತನ ಮಾತ್ರ ಆ ದಿನ ನನ್ನಲ್ಲಿ ಇರಲಿಲ್ಲ.

"ಇರಲಿ ಬಿಡ್ರಿ," ಎಂದ ಮಾರೆಣ್ಣ.

ಯರ್ರೆಪ್ಪ ಬಂದು ಎದುರಿಗೆ ನಿಂತ. "ಎಂದುಕಪ್ಪಾ, ಯಾಕ ಹಿಂಗ ಕುಂತಿ? ಹೊತ್ತು ನಿಂದರತೈತೇನು? ಆಕಿ ಅಣ್ಣ ಅಂತ ಹೇಳ್ತೀನಿ ಕೇಳು. ಐಸರ ಹಾಕು, ಇಲ್ಲಾ ಗುದ್ದಲಿಯರ ತರಸು. ಯಾವುದಾದ್ರೂ ಒಂದು ಹೇಳು."

ಮಾರೆಣ್ಣ ಒಳಗೆ ಒಮ್ಮೆ ತಿರುಗಿ ನೋಡಿದ. ಅಂಚಿನ ಒಂದು ಮೂಲೆ ಹೊರಗೆ ಬಂದಿತ್ತು. ಎದ್ದು ಹೋಗಿ ಸಿಕ್ಕಿಸಿ ಬಂದ.

"ಗುದ್ದಲಿ ತರಸು," ಎಂದ.

"ಮಗಳು?"

ಮಾರೆಣ್ಣ ಮತ್ತೆ ಹೊಸ್ತಿಲಲ್ಲಿ ಕೂತ. ಯರ್ರೆಪ್ಪ, "ಸರೇಲೆ, ಆಗಲಿ," ಎಂದು ಹೆಗಲಿನ ವಸ್ತ್ರ ಝಾಡಿಸಿ ಆಳುಗಳನ್ನು ಕರೆಯಲು ಹೋದ. ಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಊರ ಹೆಣಕ್ಕೆಲ್ಲ ಐಸು ಇಟ್ಟವನಿಗೆ ಮನೆಯ ಹೆಣಕ್ಕೆ ಇಡಲು ಏನು ಬಂತು ಎಂದು ಒಬ್ಬ ಮುದುಕಿ ಕೇಳಿಸುವಂತೆಯೇ ಅಂದಳು.

ಮಧ್ಯಾಹ್ನ ತಿರುಗಿದ ಮೇಲೆ ಎತ್ತಿದರು. ಹೊಸ ಸೀರೆಯ ಮೇಲೆ ಕಂಬಳಿಯೂ ಹೋಯಿತು. ಕುಣಿಯಲ್ಲಿ ಇಳಿಸುವಾಗ ಕಂಬಳಿ ತೆಗೆದಿಡಬೇಕೆಂದು ಯಾರೋ ಕೈ ಹಾಕಿದರು. ಮಾರೆಣ್ಣ ಅವರ ಕೈ ಸರಿಸಿದ. ಗುಡ್ಡದ ಪಕ್ಕದ ಮಣ್ಣು ಬೆಂಕಿಯ ಹಾಗಿತ್ತು. ಮೊದಲ ಹಿಡಿ ಹಾಕುವಾಗ ನನ್ನ ಅಂಗೈ ಚುರುಗುಟ್ಟಿತು. ಅವನು ಎರಡೂ ಕೈ ತುಂಬ ತೆಗೆದು, ನಿಧಾನವಾಗಿ, ಹೊಟ್ಟು ಸುರಿದ ಹಾಗೆ ಅಂಚಿನ ಸುತ್ತ ಸುರಿದ. ಅಂದಿನಿಂದ ಅವನ ಬಂಡಿಗೆ ಬರಿ ಗೋಣಿಚೀಲ. ಗಡ್ಡೆ ಮೊದಲಿಗಿಂತ ಬೇಗ ಕರಗುತ್ತಿತ್ತು, ಉಚ್ಚೀರಪ್ಪ ಏನೂ ಅನ್ನುತ್ತಿರಲಿಲ್ಲ.

ಆ ದಿನ ಮಣ್ಣು ಮಾಡಿ ತಿರುಗಿ ಬಂದು ಬಾಗಿಲ ಮುಂದೆ ಕಾಲು ತೊಳೆಯುತ್ತಿದ್ದಾಗ ದಸ್ತಗಿರಮ್ಮ ಬಂದಳು. ಸಂಜೆಯ ಬಸ್ಸು ಸಿಕ್ಕಿತ್ತು. ಬಸ್ ಸ್ಟ್ಯಾಂಡಿನಿಂದ ಓಡಿ ಬಂದಿದ್ದಳು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಒಳಗೆ ಹೋದಳು, ಬರಿ ನೆಲ ನೋಡಿದಳು, ಹೊರಗೆ ಬಂದಳು. ಲಿಂಗಕ್ಕ ಹಿಡಿದುಕೊಳ್ಳಲು ಹೋದರೆ ಕೊಸರಿಕೊಂಡಳು. ಆಗ ಅವಳ ಕಣ್ಣು ಬೇವಿನ ಗಿಡದ ಕೆಳಗಿನ ಬಂಡಿಯ ಮೇಲೆ ಬಿತ್ತು. ಗೋಣಿ ಎತ್ತಿದಳು. ತೆಂಗಿನಕಾಯಿಯಷ್ಟು ಐಸು ಇನ್ನೂ ಉಳಿದಿತ್ತು.

ಅವಳು ಅದನ್ನೇ ನೋಡುತ್ತ ನಿಂತಳು. ಆಮೇಲೆ ತಂದೆಯ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ಅಪ್ಪಾ, ಐಸ್ ಬಂದಿತ್ತು. ಬಂಡಿ ತುಂಬ ಬಂದಿತ್ತು. ಸಾವುಕಾರ್ರ ಮನಿ ಹೆಣಕ್ಕೆಲ್ಲ ಹಾಕೀದಿ. ನಮ್ಮವ್ವಗ ಒಂದು ತುಂಡು ಹಾಕಿದ್ರ ನಾ ಮುಖ ನೋಡ್ತಿದ್ದೆ. ಯಾಕ ಹಾಕಲಿಲ್ಲ?"

ನಾನು ನನ್ನ ಕಾಲ ಮೇಲೆ ನೀರು ಸುರಿದುಕೊಳ್ಳುತ್ತಲೇ ಇದ್ದೆ, ತಂಬಿಗೆ ಬರಿದಾದದ್ದು ತಿಳಿಯಲಿಲ್ಲ. ಮಾರೆಣ್ಣ ಒದ್ದೆ ಕೈಗಳನ್ನು ಪಂಚೆಗೆ ಒರೆಸಿಕೊಂಡ.

"ನಿಮ್ಮವ್ವಗ ಥಂಡಿ ಅಂದ್ರ ಆಗ್ತಿದ್ದಿಲ್ಲ," ಎಂದ.